ಮಂಡಿಪೇಟೆಯೋ ಮಾರ್ಟೋ: ಬಟವಾಡಿಯ ಒಂದು ಮನೆಯ ದಿನಸಿ ಲೆಕ್ಕ

ತುಮಕೂರಿನ ಬಟವಾಡಿಯಲ್ಲಿ ನಮ್ಮ ಚಿಕ್ಕಪ್ಪನ ಮನೆ. ಆರು ಜನ ಇದ್ದಾರೆ. ಚಿಕ್ಕಪ್ಪ, ಚಿಕ್ಕಮ್ಮ, ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುವ ಮಗ, ಶಾಲೆಯಲ್ಲಿ ಪಾಠ ಹೇಳುವ ಸೊಸೆ, ಇಬ್ಬರು ಮಕ್ಕಳು. ರಾಗಿ ಚಿಕ್ಕಮ್ಮನ ತವರಿನಿಂದ, ತುರುವೇಕೆರೆ ಕಡೆಯಿಂದ ಬರುತ್ತದೆ, ಅದು ಲೆಕ್ಕಕ್ಕಿಲ್ಲ. ತರಕಾರಿಯನ್ನೂ ಬಿಟ್ಟು ಹಾಲು, ದಿನಸಿ, ಎಣ್ಣೆ, ಸೋಪು ಅಂತ ತಿಂಗಳಿಗೆ ಹದಿನಾಲ್ಕು ಸಾವಿರದ ಆಸುಪಾಸು ಹೋಗುತ್ತಿತ್ತು.

ಇಷ್ಟೊಂದು ಯಾಕೆ ಹೋಗುತ್ತದೆ ಅನ್ನುವುದಕ್ಕೆ ಮನೆಯಲ್ಲಿ ಎರಡು ಉತ್ತರ ಇದ್ದವು. ಚಿಕ್ಕಪ್ಪನ ಪ್ರಕಾರ ಸೊಸೆ ಮಾರ್ಟಿಗೆ ಹೋಗುವುದೇ ಕಾರಣ. ಸೊಸೆಯ ಪ್ರಕಾರ ಮಾವ ಮಂಡಿಪೇಟೆಯಿಂದ ಮೂಟೆಗಟ್ಟಲೆ, ಟಿನ್ನುಗಟ್ಟಲೆ ತರುವುದರಲ್ಲಿ ಯಾವ ಉಳಿತಾಯವೂ ಇಲ್ಲ, ಅದು ಬರೀ ಹಳೇ ಅಭ್ಯಾಸ. ಇಬ್ಬರೂ ದುಡ್ಡು ಪೋಲು ಮಾಡುವವರಲ್ಲ. ಇಬ್ಬರೂ ಮನೆಗೆ ಒಳ್ಳೆಯದಾಗಲಿ ಅಂತಲೇ ಅಂಗಡಿ ಆರಿಸಿಕೊಂಡಿದ್ದರು. ನಾನು ಲೆಕ್ಕ ಬರೆಯುವ ಕೆಲಸದಲ್ಲಿರುವುದರಿಂದ ಚಿಕ್ಕಪ್ಪ ಒಂದು ದಿನ ಕರೆದು, "ನೀನೇ ನೋಡಿ ಹೇಳಮ್ಮ, ನಂದು ತಪ್ಪಾದ್ರೆ ನಾಳೆಯಿಂದಾನೇ ಮಂಡಿಪೇಟೆ ಬಿಡ್ತೀನಿ" ಅಂದರು. ಸೊಸೆ, "ನಂದು ತಪ್ಪಾದ್ರೆ ನಾನೂ ಮಾರ್ಟ್ ಬಿಡ್ತೀನಿ ಅಕ್ಕಾ" ಅಂದಳು.

ಯಾರೂ ಯಾವುದನ್ನೂ ಬಿಡಬೇಕಾಗಿ ಬರಲಿಲ್ಲ. ಆದರೆ ಲೆಕ್ಕ ನೋಡುತ್ತಾ ಹೋದಂತೆ ಕಂಡ ವಿಷಯಗಳು ಎಷ್ಟೋ ಮನೆಗಳಿಗೆ ಉಪಯೋಗಕ್ಕೆ ಬರುತ್ತವೆ ಅನ್ನಿಸಿತು. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಮಾರ್ಟಿನ ಬಿಲ್ಲುಗಳನ್ನು ತೆಗೆದುಕೊಂಡೆ. ಅಚ್ಚಾದ ಬಿಲ್ಲು, ಎಲ್ಲ ವಿವರ ಇತ್ತು. ಮಂಡಿಪೇಟೆಯದು ಕೈಬರಹದ ಚೀಟಿ. ಅದರಲ್ಲಿ ಸಾಮಾನಿನ ಹೆಸರು, ಮುಂದೆ ಒಟ್ಟು ದುಡ್ಡು, ಅಷ್ಟೇ. ಕೆ.ಜಿ.ಗೆ ಎಷ್ಟು ಅಂತ ಇಲ್ಲ. ಚಿಕ್ಕಪ್ಪ ಅಂಗಡಿಯವರನ್ನು ಕೇಳಿದರೆ ಅವರು ಬೇಜಾರಿಲ್ಲದೆ ರೇಟು ಸಮೇತ ಬರೆದುಕೊಟ್ಟರು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅವರೂ ಬರೆದಿರಲಿಲ್ಲ. ಆಮೇಲೆ ಎರಡನ್ನೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಇಳಿಸಿದೆವು: ಸಾಮಾನು, ಕೊಟ್ಟ ದುಡ್ಡು, ಅದು ಕೆ.ಜಿ.ಗೆ ಅಥವಾ ಲೀಟರಿಗೆ ಎಷ್ಟು ಬಿತ್ತು. ಈ ಕೊನೆಯ ಕಾಲಮ್ಮಿನಲ್ಲೇ ಎಲ್ಲ ಉತ್ತರ ಇದ್ದವು.

ಬಿಲ್ಲಿನ ಕೊನೆಯ ಸಾಲು

ಮಾರ್ಟಿನ ಬಿಲ್ಲಿನ ತಳದಲ್ಲಿ ದಪ್ಪಕ್ಷರದಲ್ಲಿ "ಈ ಖರೀದಿಯಲ್ಲಿ ನೀವು ಉಳಿಸಿದ್ದು 612 ರೂಪಾಯಿ" ಅಂತ ಇತ್ತು. ಸೊಸೆ ಅದನ್ನೇ ಮಾವನ ಮುಂದೆ ಹಿಡಿಯುತ್ತಿದ್ದಳು. 612 ರೂಪಾಯಿ ಕಡಿಮೆ ಮೊತ್ತ ಅಲ್ಲ.

ಆದರೆ ಅದು ಯಾವುದರಿಂದ ಕಳೆದು ಬಂದ ಸಂಖ್ಯೆ? ಎಂಆರ್‌ಪಿಯಿಂದ. ಎಂಆರ್‌ಪಿ ಅಂದರೆ ತೆರಿಗೆಯೂ ಸೇರಿ ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳಬಾರದು ಅನ್ನುವ ಮೇಲಿನ ಮಿತಿ. ಅದನ್ನು ನಿಗದಿ ಮಾಡುವುದು ಸರ್ಕಾರ ಅಲ್ಲ, ಬಹುತೇಕ ಸಾಮಾನುಗಳಿಗೆ ತಯಾರಿಸುವ ಅಥವಾ ಪ್ಯಾಕ್ ಮಾಡುವ ಕಂಪನಿಯೇ. ಸೋಪು, ಟೂತ್‌ಪೇಸ್ಟಿನಂಥ ದೊಡ್ಡ ಬ್ರ್ಯಾಂಡಿನ ಸಾಮಾನಿಗೆ ಎಂಆರ್‌ಪಿ ಮತ್ತು ಮಾರುವ ಬೆಲೆ ಹತ್ತಿರ ಹತ್ತಿರ ಇರುತ್ತವೆ. ಬೇಳೆ, ಗೋಡಂಬಿ, ದ್ರಾಕ್ಷಿ, ಅಕ್ಕಿಯಂಥವನ್ನು ಪ್ಯಾಕ್ ಮಾಡಿ ಮಾರುವಾಗ ಎಂಆರ್‌ಪಿಯನ್ನು ಎಷ್ಟು ಎತ್ತರಕ್ಕೆ ಬೇಕಾದರೂ ಇಡಬಹುದು.

ನಮ್ಮ ಪುಸ್ತಕದಲ್ಲಿದ್ದ ತೊಗರಿಬೇಳೆ ನೋಡಿ. ಮಾರ್ಟಿನ ಒಂದು ಕೆ.ಜಿ. ಪ್ಯಾಕೆಟ್ ಮೇಲೆ ಎಂಆರ್‌ಪಿ 215, ಮಾರಿದ್ದು 139ಕ್ಕೆ. ಬಿಲ್ಲಿನಲ್ಲಿ ಉಳಿತಾಯ 76 ರೂಪಾಯಿ ಅಂತ ಬಂತು. ಅದೇ ವಾರ ಮಂಡಿಪೇಟೆಯಲ್ಲಿ ಬಿಡಿ ತೊಗರಿಬೇಳೆ 128. ಎರಡನ್ನೂ ಚಿಕ್ಕಮ್ಮ ಬೇಯಿಸಿ ನೋಡಿದರು. ಬೇಯುವುದರಲ್ಲಿ, ರುಚಿಯಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ಬಿಡಿ ಬೇಳೆಯನ್ನು ಒಂದು ಸಲ ಮೊರದಲ್ಲಿ ಕೇರಿಕೊಳ್ಳಬೇಕಿತ್ತು, ಅಷ್ಟೇ. ಅಂದರೆ 76 ರೂಪಾಯಿ ಉಳಿಸಿದೆವು ಅಂತ ಬಿಲ್ಲು ಹೇಳುತ್ತಿದ್ದ ಕಡೆ ಕೈಯಿಂದ 11 ರೂಪಾಯಿ ಜಾಸ್ತಿ ಹೋಗಿತ್ತು. ತಿಂಗಳಿಗೆ ಐದು ಕೆ.ಜಿ. ಬೇಳೆ ಖರ್ಚಾಗುವ ಮನೆಯಲ್ಲಿ ಅದು 55 ರೂಪಾಯಿ.

ಸೊಸೆ ಇದನ್ನು ನೋಡಿ ಸುಮ್ಮನಾಗಲಿಲ್ಲ. ಹುಡುಗಿ ಚುರುಕು. "ಹಾಗಾದ್ರೆ ಸಕ್ಕರೆ ನೋಡಿ ಅಕ್ಕಾ" ಅಂದಳು. ಸಕ್ಕರೆ ಮಾರ್ಟಿನಲ್ಲಿ ಕೆ.ಜಿ.ಗೆ ಎರಡು ರೂಪಾಯಿ ಕಡಿಮೆ ಇತ್ತು. ನಿಜ. ಸಕ್ಕರೆ, ಎಣ್ಣೆಯಂಥ ಎಲ್ಲರಿಗೂ ರೇಟು ಬಾಯಿಪಾಠ ಇರುವ ಸಾಮಾನನ್ನು ದೊಡ್ಡ ಅಂಗಡಿಗಳು ತೀರಾ ಕಡಿಮೆ ಲಾಭಕ್ಕೆ ಬಿಡುತ್ತವೆ. ಅದನ್ನು ನೋಡಿಯೇ ಜನ ಒಳಗೆ ಬರುವುದು. ಬಂದ ಮೇಲೆ ರೇಟು ನೆನಪಿಲ್ಲದ ಜೀರಿಗೆ, ಗೋಡಂಬಿ, ಸಾಂಬಾರ್ ಪುಡಿಯನ್ನೂ ಅಲ್ಲೇ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಹಾಗಾಗಿ "ಯಾವ ಅಂಗಡಿ ಅಗ್ಗ" ಅಂತ ಕೇಳಿದರೆ ಉತ್ತರವೇ ಸಿಗುವುದಿಲ್ಲ. ಯಾವ ಸಾಮಾನು ಎಲ್ಲಿ ಅಗ್ಗ ಅಂತಲೇ ಕೇಳಬೇಕು.

ಅಕ್ಕಿ: ಮೂಟೆಯ ಮೇಲಿನ 26

ಚಿಕ್ಕಪ್ಪ ತರುವ ಸೋನಾ ಮಸೂರಿ ಮೂಟೆಯ ಮೇಲೆ 26 ಕೆ.ಜಿ. ಅಂತ ಇತ್ತು. ಸೊಸೆಗೆ ಅದು ಅಚ್ಚರಿ. ಎಲ್ಲರೂ 25 ಅನ್ನುವಾಗ ಇದೇನು 26? ಇದಕ್ಕೆ ಕಾರಣ ಇದೆ. 2022ರ ಜುಲೈ 18ರಿಂದ ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿ, ಬೇಳೆ, ಹಿಟ್ಟಿಗೆ 25 ಕೆ.ಜಿ.ವರೆಗಿನ ಪ್ಯಾಕ್ ಆದರೆ ಶೇ. 5 ಜಿಎಸ್‌ಟಿ ಬಂತು. 25 ದಾಟಿದರೆ ಆ ತೆರಿಗೆ ಇಲ್ಲ. ಆಗಿನಿಂದ ಮಿಲ್ಲಿನವರು 26 ಕೆ.ಜಿ. ಮೂಟೆ ಮಾಡತೊಡಗಿದರು. ನಮಗೆ ಬೇಕಾದ್ದು ಇಷ್ಟೇ: ಮೂಟೆ ಮೂಟೆಗೆ ಹೋಲಿಸಬಾರದು, ಭಾಗಿಸಿ ನೋಡಬೇಕು. 26 ಕೆ.ಜಿ.ಗೆ 1,560 ಅಂದರೆ ಕೆ.ಜಿ.ಗೆ 60. ಪಕ್ಕದ ಅಂಗಡಿಯ 25 ಕೆ.ಜಿ. ಮೂಟೆ 1,525, ನೋಡಿದರೆ ಅದೇ ಕಡಿಮೆ ಅನ್ನಿಸುತ್ತದೆ, ಭಾಗಿಸಿದರೆ 61.

ಈ ಮೂಟೆ ತಿಂಗಳ ಕೊನೆಗೆ ಸಾಲುತ್ತಿರಲಿಲ್ಲ. ಆಗ ಮಾರ್ಟಿನಿಂದ ಐದು ಕೆ.ಜಿ. ಪ್ಯಾಕೆಟ್ ಬರುತ್ತಿತ್ತು, 345 ರೂಪಾಯಿ. ಕೆ.ಜಿ.ಗೆ 69. ತಿಂಗಳು ತಿಂಗಳೂ ಆ ಐದು ಕೆ.ಜಿ.ಗೆ 45 ರೂಪಾಯಿ ಸುಮ್ನೆ ಹೋಗುತ್ತಿತ್ತು. ಮೂಟೆ ಖಾಲಿಯಾಗುವ ಮೊದಲೇ ಇನ್ನೊಂದು ತರಿಸಿದರೆ ಮುಗಿಯಿತು.

ಕೆ.ಜಿ.ಗೆ 54ರ ಅಕ್ಕಿಯೂ ಇತ್ತು. ಚಿಕ್ಕಪ್ಪ ಅದನ್ನು ಮುಟ್ಟುತ್ತಿರಲಿಲ್ಲ. "ಹೊಸ ಅಕ್ಕಿ ಕಣಮ್ಮ, ಮುದ್ದೆ ಆಗುತ್ತೆ" ಅನ್ನುತ್ತಿದ್ದರು. ಆರು ರೂಪಾಯಿ ವ್ಯತ್ಯಾಸ ದೊಡ್ಡದು, ಹಾಗಾಗಿ ಇದನ್ನು ಬಾಯಿಮಾತಿನಲ್ಲಿ ಬಿಡುವುದು ಬೇಡ ಅಂತ ಎರಡನ್ನೂ ತಂದು ಕಾಲು ಕಾಲು ಕೆ.ಜಿ. ತೂಗಿ, ಬೇರೆ ಬೇರೆ ಪಾತ್ರೆಯಲ್ಲಿ, ಆಯಾ ಅಕ್ಕಿ ಎಷ್ಟು ನೀರು ಕೇಳುತ್ತದೋ ಅಷ್ಟು ಇಟ್ಟು ಬೇಯಿಸಿದರು ಚಿಕ್ಕಮ್ಮ. ಹಳೇ ಅಕ್ಕಿಯ ಅನ್ನ 790 ಗ್ರಾಂ ತೂಗಿತು. ಹೊಸದರದ್ದು 700. ಹಳೇ ಅಕ್ಕಿ ನೀರು ಜಾಸ್ತಿ ಕುಡಿದು ಅರಳುತ್ತದೆ, ಅದು ಎಲ್ಲರಿಗೂ ಗೊತ್ತಿರುವುದೇ. ಅನ್ನದ ತೂಕಕ್ಕೆ ಭಾಗಿಸಿದರೆ ಎರಡೂ ಕೆ.ಜಿ.ಗೆ 19 ರೂಪಾಯಿಯ ಹತ್ತಿರ ಬಂದು ನಿಂತವು.

ಇದಕ್ಕೆ ಸೊಸೆ ಒಂದು ಸರಿಯಾದ ಪ್ರಶ್ನೆ ಹಾಕಿದಳು. ಜಾಸ್ತಿ ಬಂದ ತೂಕ ನೀರಿನದ್ದು ತಾನೇ? ಹೌದು, ನೀರಿನದ್ದೇ. ಕಾಲು ಕೆ.ಜಿ. ಅಕ್ಕಿಯಲ್ಲಿರುವ ಕಸುವು ಎರಡರಲ್ಲೂ ಅಷ್ಟೇ. ಹೊಟ್ಟೆ ತುಂಬುವುದು ಮಾತ್ರ ಲೆಕ್ಕ ಅಂದರೆ 54ರದ್ದೇ ಅಗ್ಗ. ಆದರೆ ಈ ಮನೆಯಲ್ಲಿ ಬೆಳಗ್ಗೆ ಮಾಡಿದ ಅನ್ನ ಮಧ್ಯಾಹ್ನ ಮಕ್ಕಳ ಡಬ್ಬಿಗೆ ಹೋಗುತ್ತದೆ, ಉಳಿದದ್ದು ರಾತ್ರಿ ಚಿತ್ರಾನ್ನ ಆಗುತ್ತದೆ. ಹೊಸ ಅಕ್ಕಿಯ ಅನ್ನ ಮಧ್ಯಾಹ್ನದ ಹೊತ್ತಿಗೇ ಅಂಟಿಕೊಂಡು ಡಬ್ಬಿ ವಾಪಸ್ ಬಂತು. ಉಳಿದದ್ದು ಚಿತ್ರಾನ್ನಕ್ಕೂ ಬರಲಿಲ್ಲ, ಹಸುವಿಗೆ ಹೋಯಿತು. ಹಸುವಿಗೆ ಹೋದ ಅನ್ನದ ರೇಟು ಎಷ್ಟು ಅಂತ ಹಾಕಿದ ಮೇಲೆ ಆ ಆರು ರೂಪಾಯಿ ಉಳಿತಾಯ ಉಳಿಯಲಿಲ್ಲ. ಇಡ್ಲಿ ದೋಸೆಗೆ ಮಾತ್ರ ಅಗ್ಗದ ಅಕ್ಕಿ ಸಾಕು ಅಂತ ಚಿಕ್ಕಮ್ಮ ತೀರ್ಮಾನ ಮಾಡಿದರು. ಅದು ಸರಿಯಾದ ತೀರ್ಮಾನ.

ಎಣ್ಣೆ: ಲೀಟರೋ ಕೆ.ಜಿ.ಯೋ

ನನಗೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಎಣ್ಣೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಜನ ಇದರಲ್ಲಿ ಕೈ ಸುಟ್ಟುಕೊಳ್ಳುತ್ತಿದ್ದಾರೆ.

ಚಿಕ್ಕಪ್ಪ ಮೂರು ತಿಂಗಳಿಗೊಮ್ಮೆ ಸೂರ್ಯಕಾಂತಿ ಎಣ್ಣೆಯ ದೊಡ್ಡ ಟಿನ್ನು ತರುತ್ತಾರೆ. 2,130 ರೂಪಾಯಿ. ಸೊಸೆ ಮಾರ್ಟಿನಲ್ಲಿ ನೋಡಿದ್ದು ಲೀಟರ್ ಪೌಚು, ಆಫರ್‌ನಲ್ಲಿ 139. ಚಿಕ್ಕಪ್ಪನ ವಾದ ಹೀಗಿತ್ತು: ಪೌಚಿನಲ್ಲಿ ಇರುವುದು 910 ಗ್ರಾಂ, ಕೆ.ಜಿ.ಗೆ ಹಾಕಿದರೆ ಸುಮಾರು 153 ಆಗುತ್ತದೆ, ನನ್ನ ಟಿನ್ನು 15 ಕೆ.ಜಿ., ಕೆ.ಜಿ.ಗೆ 142 ಬಿತ್ತು, ಹಾಗಾದರೆ ಹತ್ತು ರೂಪಾಯಿ ಲಾಭ. ಲೆಕ್ಕ ತುಂಬಾ ಸರಿ. ಗ್ರಾಂ ನೋಡುವವರೇ ಕಡಿಮೆ, ಅವರು ಅದನ್ನೂ ನೋಡಿದ್ದರು.

ಟಿನ್ನನ್ನು ಅಡುಗೆಮನೆಯ ಮೂಲೆಯಿಂದ ಎಳೆದು, ಬೆಳಕಿಗೆ ತಿರುಗಿಸಿ, ಎಣ್ಣೆ ಜಿಡ್ಡು ಒರೆಸಿ ಓದಿದೆವು. ಅದರ ಮೇಲೆ ಇದ್ದದ್ದು 15 ಲೀಟರ್. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 13.65 ಕೆ.ಜಿ.

ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತೂಗುವುದು 910 ಗ್ರಾಂ ಹತ್ತಿರ. ಮಾರುಕಟ್ಟೆಯಲ್ಲಿ 15 ಕೆ.ಜಿ. ಟಿನ್ನೂ ಇದೆ, 15 ಲೀಟರ್ ಟಿನ್ನೂ ಇದೆ. ನೋಡುವುದಕ್ಕೆ ಹೆಚ್ಚುಕಮ್ಮಿ ಒಂದೇ ಥರ. ಬಾಯಿಮಾತಿನಲ್ಲಿ ಎರಡಕ್ಕೂ "ಹದಿನೈದರ ಟಿನ್ನು" ಅಂತಲೇ ಹೇಳುತ್ತಾರೆ. 15 ಕೆ.ಜಿ. ಆಗಿದ್ದರೆ ಸುಮಾರು ಹದಿನಾರೂವರೆ ಲೀಟರ್ ಇರುತ್ತಿತ್ತು, ಲೀಟರಿಗೆ 129 ಬೀಳುತ್ತಿತ್ತು, ಚಿಕ್ಕಪ್ಪ ಗೆಲ್ಲುತ್ತಿದ್ದರು. 15 ಲೀಟರ್ ಆಗಿದ್ದರಿಂದ ಲೀಟರಿಗೆ 142. ಪೌಚೇ ಮೂರು ರೂಪಾಯಿ ಕಡಿಮೆ. "ಖಾಲಿ ಟಿನ್ನು ಬರುತ್ತಲ್ಲ, ಅದಕ್ಕೆ ಬೆಲೆ ಇಲ್ವಾ?" ಅಂದರು ಚಿಕ್ಕಪ್ಪ. ಇದೆ. ಒಂದರಲ್ಲಿ ರಾಗಿ ಹಿಟ್ಟು ತುಂಬಿದ್ದಾರೆ, ಇನ್ನೊಂದರಲ್ಲಿ ಕಡ್ಲೆಕಾಯಿ. ಆದರೆ ಮುಚ್ಚಳ ತೆಗೆದ ಟಿನ್ನು ಮೂರು ತಿಂಗಳು ಒಲೆ ಪಕ್ಕ ಕೂತರೆ ಕೊನೆಯ ತಿಂಗಳು ಎಣ್ಣೆ ವಾಸನೆ ತಿರುಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ.

ಪೌಚಿನಲ್ಲೂ ಹುಷಾರಾಗಿರಬೇಕು. ಅದೇ ಕಪಾಟಿನಲ್ಲಿ 128 ರೂಪಾಯಿಯ ಇನ್ನೊಂದು ಪೌಚು ಇತ್ತು. ಗಾತ್ರ, ಬಣ್ಣ, ಹೂವಿನ ಚಿತ್ರ ಎಲ್ಲ ಒಂದೇ. ಹಿಂದೆ ತಿರುಗಿಸಿದರೆ ತೂಕ 800 ಗ್ರಾಂ. ಕೆ.ಜಿ.ಗೆ ಹಾಕಿದರೆ 160. 139ರದ್ದು 153. ಹನ್ನೊಂದು ರೂಪಾಯಿ ಅಗ್ಗ ಅಂತ ತಂದ ಪೌಚು ಏಳು ರೂಪಾಯಿ ದುಬಾರಿ. ಮೊದಲೆಲ್ಲ ಕೆಲವು ಕಂಪನಿಗಳು "60 ಡಿಗ್ರಿ ಉಷ್ಣಾಂಶದಲ್ಲಿ ಇಷ್ಟು ಲೀಟರ್" ಅಂತ ಅಚ್ಚು ಹಾಕುತ್ತಿದ್ದವು. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ, ಹಾಗಾಗಿ ಲೀಟರ್ ಅಂತ ಬರೆದು ತೂಕ ಕಡಿಮೆ ತುಂಬಬಹುದಿತ್ತು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಉಷ್ಣಾಂಶ ಬರೆಯುವುದು ಬೇಡ, ಸರಿಯಾದ ಅಳತೆ ಮತ್ತು ತೂಕ ಹಾಕಿ ಅಂತ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಈಗ ತೂಕ ಅಚ್ಚಾಗಿರುತ್ತದೆ. ನಾವು ಓದಬೇಕು ಅಷ್ಟೇ. ಎಣ್ಣೆಯನ್ನು ಯಾವಾಗಲೂ ಗ್ರಾಂ ನೋಡಿಯೇ ಕೊಳ್ಳಿ.

ಈಗ ಚಿಕ್ಕಪ್ಪ ಮಂಡಿಪೇಟೆಗೆ ಹೋದಾಗ "ಕೆ.ಜಿ. ಟಿನ್ನಾ, ಲೀಟರ್ ಟಿನ್ನಾ" ಅಂತ ಮೊದಲೇ ಕೇಳುತ್ತಾರೆ. ಹಬ್ಬದ ತಿಂಗಳಲ್ಲಿ, ಕರಿದ ತಿಂಡಿ ಜಾಸ್ತಿ ಮಾಡುವಾಗ, 15 ಕೆ.ಜಿ. ಟಿನ್ನು ಸರಿಯಾದ ರೇಟಿಗೆ ಸಿಕ್ಕಿದರೆ ತರುತ್ತಾರೆ. ಉಳಿದ ತಿಂಗಳು 910 ಗ್ರಾಂ ಪೌಚು.

ಹಾಲು ಕಷ್ಟದ ಲೆಕ್ಕ ಅಲ್ಲ, ಆದರೆ ದಿನವೂ ಇರುವುದರಿಂದ ಹನಿ ಹನಿಯಾಗಿ ಹೋಗುತ್ತದೆ. ಈ ಮನೆಗೆ ಬೆಳಗ್ಗೆ ನಂದಿನಿ ನೀಲಿ ಪ್ಯಾಕೆಟ್ ಅರ್ಧ ಲೀಟರಿನವು ನಾಲ್ಕು ಬರುತ್ತಿದ್ದವು. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿ.ಲೀ. ಜಾಸ್ತಿ ಕೊಟ್ಟು ಎರಡು ರೂಪಾಯಿ ಏರಿಸಿದ್ದರು, ಆಗ 550 ಮಿ.ಲೀ.ಗೆ 24 ರೂಪಾಯಿ. 2025ರ ಏಪ್ರಿಲ್ 1ರಿಂದ ಆ ಜಾಸ್ತಿ 50 ಮಿ.ಲೀ. ಹೋಯಿತು, 24 ರೂಪಾಯಿ ಹಾಗೇ ಉಳಿಯಿತು. ಲೀಟರ್ ಪ್ಯಾಕೆಟ್ 46 ಆಯಿತು. ಇದನ್ನೆಲ್ಲ ಬಹಿರಂಗವಾಗಿಯೇ ಹೇಳಿ ಮಾಡಿದ್ದು, ಪತ್ರಿಕೆಯಲ್ಲೂ ಬಂತು. ಆದರೂ ಕೊಡುವ ದುಡ್ಡು ಬದಲಾಗದಿದ್ದರೆ ಮನೆಯಲ್ಲಿ ಯಾರಿಗೂ ಏರಿದ ಹಾಗೆ ಅನ್ನಿಸುವುದಿಲ್ಲ. ಅರ್ಧ ಲೀಟರಿನ ನಾಲ್ಕು ಪ್ಯಾಕೆಟ್ಟಿಗೆ 96, ಲೀಟರಿನ ಎರಡಕ್ಕೆ 92. ಹಾಲು ಹಾಕುವ ಹುಡುಗನಿಗೆ ಒಂದು ಮಾತು ಹೇಳಿದರೆ ತಿಂಗಳಿಗೆ 120 ರೂಪಾಯಿ. ಫ್ರಿಜ್ ಇದೆ, ಬೆಳಗ್ಗೆಯೇ ಎರಡು ಲೀಟರೂ ಕಾಯಿಸುತ್ತಾರೆ, ಅರ್ಧ ಲೀಟರ್ ಪ್ಯಾಕೆಟ್ ಬೇಕೇಬೇಕು ಅನ್ನುವ ಕಾರಣವೇ ಇರಲಿಲ್ಲ.

ತೆಂಗಿನಕಾಯಿಯಲ್ಲಿ ಚಿಕ್ಕಮ್ಮನ ಮುಂದೆ ನಮ್ಮ ಯಾರ ಲೆಕ್ಕವೂ ನಡೆಯಲಿಲ್ಲ. ತಿಪಟೂರಿನ ಜಿಲ್ಲೆಯಲ್ಲೇ ಇದ್ದರೂ 2025ರಲ್ಲಿ ಕೊಬ್ಬರಿ, ಕಾಯಿ ಎರಡೂ ಮೇಲೇರಿದಾಗ ನಾವೂ ಎಲ್ಲರಂತೆಯೇ ದುಡ್ಡು ಕೊಟ್ಟೆವು. ಮನೆ ಹತ್ತಿರ ಕಾಯಿ ಒಂದಕ್ಕೆ 45, ಮಂಡಿಯಲ್ಲಿ ಕೆ.ಜಿ.ಗೆ 65. ತೂಕದ ಲೆಕ್ಕದಲ್ಲಿ ಒಂದು ಕಾಯಿಗೆ 36ರಿಂದ 39 ಬೀಳುತ್ತದೆ, ಹಾಗಾಗಿ ತೂಕದ್ದೇ ಲಾಭ ಅಂತ ನಾನು ಬರೆದೆ. ಚಿಕ್ಕಮ್ಮ ಎರಡು ಕಾಯಿ ಕೈಗೆ ಕೊಟ್ಟು ಅಲ್ಲಾಡಿಸಿ ನೋಡು ಅಂದರು. ಒಂದು ಭಾರ, ಸದ್ದೇ ಇಲ್ಲ. ಇನ್ನೊಂದು ಹಗುರ, ನೀರು ಲೊಳಲೊಳ ಅನ್ನುತ್ತಿತ್ತು. ಒಡೆದರೆ ಭಾರದ್ದು ಎಳಸು, ತುಂಬಾ ನೀರು, ತಿರುಳು ತೆಳ್ಳಗೆ. ಹಗುರದ್ದು ಬಲಿತ ಕಾಯಿ, ತಿರುಳು ದಪ್ಪ, ತುರಿದರೆ ಬಟ್ಟಲು ತುಂಬಿ ಬಂತು. "ತೂಕಕ್ಕೆ ತಗೊಳ್ಳೋವಾಗ ನೀರಿಗೂ ದುಡ್ಡು ಕೊಡ್ತೀಯ ಕಣೇ. ಹಗುರದ್ದು ಆರಿಸ್ಕೋ. ಎಣಿಸಿ ತಗೊಳ್ಳೋವಾಗ ದಪ್ಪದ್ದು ಆರಿಸ್ಕೋ, ಆದ್ರೆ ಅಲ್ಲಾಡ್ಸಿ" ಅಂದರು. ಒಂದೇ ಸಾಮಾನು, ಮಾರುವ ರೀತಿ ಬೇರೆಯಾದರೆ ಆರಿಸುವ ರೀತಿಯೂ ಬೇರೆ. ಇದನ್ನು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ.

ಬಿಡಿ ಸಾಮಾನಿನ ತೂಕವನ್ನೂ ನೋಡಿದೆವು. ಮನೆಯ ಡಿಜಿಟಲ್ ತಕ್ಕಡಿ ಸರಿಯಿದೆಯಾ ಅಂತ ಮೊದಲು ಸೀಲ್ ಒಡೆಯದ ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಇಟ್ಟು ಖಾತ್ರಿ ಮಾಡಿಕೊಂಡೆವು. ಮಂಡಿಪೇಟೆಯ ಸಾಮಾನು ಸರಿಯಾಗಿ ತೂಗಿತು. ಮನೆ ಹತ್ತಿರದ ಒಂದು ಅಂಗಡಿಯವರು ಮೊದಲೇ ಕಟ್ಟಿಟ್ಟಿದ್ದ ಕಾಲು ಕೆ.ಜಿ. ಪೊಟ್ಟಣಗಳು ಕವರ್ ಸೇರಿ 240 ಗ್ರಾಂ ಇದ್ದವು. ಹತ್ತು ಗ್ರಾಂ ಏನು ಮಹಾ ಅನ್ನಬಹುದು. ಕಾಲು ಕೆ.ಜಿ.ಯಲ್ಲಿ ಹತ್ತು ಗ್ರಾಂ ಅಂದರೆ ನೂರಕ್ಕೆ ನಾಲ್ಕು, ಜೀರಿಗೆ, ಮೆಣಸಿನಂಥ ದುಬಾರಿ ಸಾಮಾನಿನಲ್ಲಿ ಅದು ಬೇರೆ ಅಂಗಡಿಯ ರೇಟಿಗಿಂತ ಜಾಸ್ತಿ ಕೊಟ್ಟ ಹಾಗೆಯೇ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳಬೇಕು, ಆ ಪ್ರಮಾಣಪತ್ರ ಅಂಗಡಿಯಲ್ಲಿ ಕಾಣುವ ಹಾಗೆ ಇರಬೇಕು. ಕೇಳುವುದಕ್ಕೆ ಸಂಕೋಚ ಬೇಡ. ಚಿಕ್ಕಪ್ಪ ಜಗಳ ಆಡಲಿಲ್ಲ, ಪೊಟ್ಟಣ ಬೇಡ, ಎದುರಿಗೇ ತೂಗಿ ಕೊಡಿ ಅಂದರು. ಸರಿಹೋಯಿತು. ಸರಿಹೋಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಂಡರೂ ಅದಕ್ಕೇ ಫೋನ್ ಮಾಡಬಹುದು.

ಸೋಪು, ಶಾಂಪೂ, ಪೇಸ್ಟಿನಲ್ಲಿ ಸೊಸೆಯೇ ಗೆದ್ದಳು, ಮಾರ್ಟಿನ ಬೆಲೆ ಮಂಡಿಪೇಟೆಯಲ್ಲಿ ಸಿಗಲಿಲ್ಲ. ಅದರಲ್ಲೂ ನೋಡಬೇಕಾದ ಕೆಲವು ಇವೆ. 2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟ್, ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಸ್ನಾನದ ಸೋಪಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ಹದಿಮೂರು ಇಳಿಯಿತು ಅಂತ ನೂರಕ್ಕೆ ಹದಿಮೂರು ಕಡಿಮೆ ಆಗುವುದಿಲ್ಲ. 118 ರೂಪಾಯಿ ಇದ್ದದ್ದು 105 ಆಗಬೇಕು, ಅಂದರೆ ನೂರಕ್ಕೆ ಹನ್ನೊಂದು. ಆದ್ದರಿಂದ ಹಳೇ ಎಂಆರ್‌ಪಿಯ ಮೇಲೆ "ಶೇ. 10 ರಿಯಾಯಿತಿ" ಅಂತ ಚೀಟಿ ಅಂಟಿಸಿದ್ದರೆ ಅದು ಅಂಗಡಿಯವರು ಕೊಟ್ಟ ರಿಯಾಯಿತಿ ಅಲ್ಲ, ಇಳಿದ ತೆರಿಗೆಯೂ ಪೂರ್ತಿ ನಮಗೆ ಬಂದಿಲ್ಲ.

ಪ್ಯಾಕೆಟ್ ಮೇಲೆ ಈಗ ಗ್ರಾಂಗೆ ಅಥವಾ ಮಿ.ಲೀ.ಗೆ ಎಷ್ಟು ಅನ್ನುವ ಬಿಡಿ ದರವನ್ನೂ ಅಚ್ಚು ಹಾಕುತ್ತಾರೆ, ಎಂಆರ್‌ಪಿಯ ಕೆಳಗೇ ಸಣ್ಣದಾಗಿ ಇರುತ್ತದೆ. ಸೊಸೆಗೆ ಇದು ತುಂಬಾ ಇಷ್ಟವಾಯಿತು, ಭಾಗಿಸುವ ಕೆಲಸವೇ ಇಲ್ಲ. ಆದರೆ ಅದು ಎಂಆರ್‌ಪಿಯಿಂದ ತೆಗೆದ ದರ. ಒಂದರ ಮೇಲೆ ಆಫರ್ ಇದ್ದು ಇನ್ನೊಂದರ ಮೇಲೆ ಇಲ್ಲದಿದ್ದರೆ ಮೊಬೈಲ್ ತೆಗೆದು ಭಾಗಿಸಲೇಬೇಕು. ಶಾಂಪೂ ಹಾಗೆ ಭಾಗಿಸಿದಾಗ, 2 ರೂಪಾಯಿಯ ಸ್ಯಾಶೆಯಲ್ಲಿ 6 ಮಿ.ಲೀ., ಮಿ.ಲೀ.ಗೆ 33 ಪೈಸೆ. ಅದೇ ಬ್ರ್ಯಾಂಡಿನ 180 ಮಿ.ಲೀ. ಬಾಟಲಿ 126 ರೂಪಾಯಿ, ಮಿ.ಲೀ.ಗೆ 70 ಪೈಸೆ. ದೊಡ್ಡದು ಕೊಂಡರೆ ಅಗ್ಗ ಅನ್ನುವ ಮಾತು ಎಲ್ಲ ಕಡೆ ನಡೆಯುವುದಿಲ್ಲ. ಕಸ ಜಾಸ್ತಿ ಆಗುತ್ತದೆ ಅನ್ನುವ ಬೇಸರ ನನಗಿದೆ, ಆದರೆ ದುಡ್ಡಿನ ಲೆಕ್ಕ ಹೀಗೇ ಬಂತು.

ಸೋಪಿಗೆ ಗ್ರಾಂ ಸಾಲದು. ಸ್ನಾನದ ಸೋಪಿನ ಮೇಲೆ ಟಿಎಫ್‌ಎಂ ಅಂತ ಒಂದು ಸಂಖ್ಯೆ ಇರುತ್ತದೆ, ಅದು ಸೋಪಿನಲ್ಲಿರುವ ಕೊಬ್ಬಿನಾಂಶ. ಶೇ. 76 ಅಥವಾ ಜಾಸ್ತಿ ಇದ್ದರೆ ಗ್ರೇಡ್ 1, 70ರ ಮೇಲಿದ್ದರೆ ಗ್ರೇಡ್ 2, 60ರ ಮೇಲಿದ್ದರೆ ಗ್ರೇಡ್ 3. "ಬೇದಿಂಗ್ ಬಾರ್" ಅಂತ ಬರೆದದ್ದು ಈ ಗುಂಪಿಗೇ ಬರುವುದಿಲ್ಲ. ಈ ಮನೆಯಲ್ಲಿ ನಾಲ್ಕು ಕೊಂಡರೆ ಒಂದು ಉಚಿತ ಅಂತ ತಂದ ಬೇದಿಂಗ್ ಬಾರ್ ಬಚ್ಚಲಲ್ಲಿ ನೆಂದು ಲೋಳೆಯಾಗಿ ಬೇಗ ಬೇಗ ಮುಗಿಯುತ್ತಿತ್ತು. ಗ್ರೇಡ್ 1 ಸೋಪು ಒಂದು ಬಿಲ್ಲೆಗೆ ಹತ್ತು ರೂಪಾಯಿ ಜಾಸ್ತಿ ಆದರೂ ತಿಂಗಳ ಸೋಪಿನ ಖರ್ಚು ಇಳಿಯಿತು.

ಇಷ್ಟೆಲ್ಲ ಆದ ಮೇಲೂ ತಿಂಗಳ ಲೆಕ್ಕದಲ್ಲಿ ದೊಡ್ಡ ತೂತು ಬೇರೆಯೇ ಇತ್ತು. ಮಾರ್ಟಿನ ಬಿಲ್ಲುಗಳಲ್ಲಿ ಮನೆಯಿಂದ ಬರೆದುಕೊಂಡು ಹೋದ ಚೀಟಿಯಲ್ಲಿ ಇದ್ದ ಸಾಮಾನಿಗೆ ಹಸಿರು ಗೆರೆ, ಇಲ್ಲದ್ದಕ್ಕೆ ಕೆಂಪು ಗೆರೆ ಹಾಕಿ ಅಂತ ಸೊಸೆಗೆ ಹೇಳಿದೆ. ಅವಳೇ ಹಾಕಿದಳು. ಕೆಂಪು ಗೆರೆಯದ್ದೆಲ್ಲ ಕೂಡಿದರೆ ತಿಂಗಳಿಗೆ ಒಂಬೈನೂರು ದಾಟುತ್ತಿತ್ತು: ಬಿಸ್ಕತ್ತು, ಚಿಪ್ಸು, ಜ್ಯೂಸು, ಒಂದರ ಜೊತೆ ಒಂದು ಉಚಿತ ಅಂತ ಬಂದ ಸಾಸು, ಮನೆಯಲ್ಲಿ ಆಗಲೇ ಎರಡಿದ್ದ ಪ್ಲಾಸ್ಟಿಕ್ ಡಬ್ಬ. ಬೇಳೆಯಲ್ಲಿ 55, ಅಕ್ಕಿಯಲ್ಲಿ 45, ಹಾಲಿನಲ್ಲಿ 120 ಅಂತ ಹುಡುಕುತ್ತಿದ್ದ ಮನೆಯಲ್ಲಿ ಒಂಬೈನೂರು ಒಂದೇ ಕಡೆಯಿಂದ ಹೋಗುತ್ತಿತ್ತು. ಇದರ ಮೇಲೆ ಮೊಬೈಲ್ ಆ್ಯಪಿನಲ್ಲಿ ಆಗಾಗ ತರಿಸುವ ಸಣ್ಣ ಸಣ್ಣ ಆರ್ಡರುಗಳ ಡೆಲಿವರಿ, ಹ್ಯಾಂಡ್ಲಿಂಗ್ ಶುಲ್ಕ ಸುಮಾರು ಇನ್ನೂರು.

ಸೊಸೆಯನ್ನು ಮಾತ್ರ ದೂರುವುದು ಅನ್ಯಾಯ. ಮಕ್ಕಳನ್ನು ಕರೆದುಕೊಂಡು ಮಾರ್ಟಿಗೆ ಹೋಗುತ್ತಿದ್ದದ್ದು ಮಗ, ಜ್ಯೂಸು ಕೇಳುತ್ತಿದ್ದದ್ದು ಮಕ್ಕಳು. ಬೆಳಗ್ಗೆ ಆರಕ್ಕೆ ಎದ್ದು ಡಬ್ಬಿ ಕಟ್ಟಿ, ಶಾಲೆಗೆ ಹೋಗಿ, ಸಂಜೆ ಬಂದು ಉತ್ತರ ಪತ್ರಿಕೆ ತಿದ್ದುವ ಹೆಣ್ಣುಮಗಳು ರಾತ್ರಿ ಎಂಟಕ್ಕೆ ಉದ್ದಿನಬೇಳೆ ಇಲ್ಲ ಅಂತ ಗೊತ್ತಾದಾಗ 25 ರೂಪಾಯಿ ಜಾಸ್ತಿ ಕೊಟ್ಟು ಮನೆ ಬಾಗಿಲಿಗೆ ತರಿಸಿಕೊಂಡರೆ ಅದು ದಂಡ ಅಲ್ಲ. ಅವಳ ಒಂದು ಗಂಟೆಗೆ ಅಷ್ಟು ಬೆಲೆಯಂತೂ ಇದೆ. ಚಿಕ್ಕಪ್ಪನಿಗೆ ಬೆಳಗ್ಗೆ ಸಮಯ ಇದೆ, ಮಂಡಿಪೇಟೆಗೆ ಹೋಗಿ ನಾಲ್ಕು ಜನರನ್ನು ಮಾತಾಡಿಸಿಕೊಂಡು ಬರುವುದು ಅವರಿಗೆ ಖುಷಿ. ಇಬ್ಬರಿಗೂ ಒಂದೇ ಅಳತೆ ಹಿಡಿಯಲು ಆಗುವುದಿಲ್ಲ. ಮಂಡಿಪೇಟೆಯ ಅಂಗಡಿಯಲ್ಲಿ ಖಾತೆಯೂ ಇದೆ, ಮಗನ ಫ್ಯಾಕ್ಟರಿಯಲ್ಲಿ ಸಂಬಳ ತಡವಾದ ತಿಂಗಳು ಒಂದು ಮಾತಿಗೆ ಮೂಟೆ ಮನೆಗೆ ಬಂದಿತ್ತು. ಅದನ್ನು ಕೆ.ಜಿ.ಗೆ ಇಷ್ಟು ಅಂತ ಬರೆಯುವ ಕಾಲಮ್ಮು ನನ್ನ ಪುಸ್ತಕದಲ್ಲಿ ಇಲ್ಲ.

ಈಗಿನ ವ್ಯವಸ್ಥೆ ಇದು. ಅಕ್ಕಿ, ಬೇಳೆಕಾಳು, ಧನಿಯ, ಒಣಮೆಣಸಿನಕಾಯಿ, ಹುಣಸೆಹಣ್ಣು, ಕಾಯಿ ಮಂಡಿಪೇಟೆಯಿಂದ. ಸಕ್ಕರೆ, ಎಣ್ಣೆ ಪೌಚು, ಸೋಪು, ಪೇಸ್ಟು ಮಾರ್ಟಿನಿಂದ, ತಿಂಗಳಿಗೆ ಒಂದೇ ಸಲ, ಚೀಟಿ ಹಿಡಿದು. ಮಕ್ಕಳಿಗೆ ಅಂತ ಇನ್ನೂರು ರೂಪಾಯಿ ಬೇರೆ ಎತ್ತಿಟ್ಟಿದ್ದಾರೆ, ಅದರಲ್ಲಿ ಅವರಿಗೆ ಏನು ಬೇಕೋ ಆರಿಸಿಕೊಳ್ಳಬಹುದು. ದೊಡ್ಡ ಹುಡುಗಿ ಈಗ ಬಿಸ್ಕತ್ತಿನ ಗ್ರಾಂ ಓದಿ ತಮ್ಮನಿಗೆ ಹೇಳುತ್ತಾಳೆ, 10 ರೂಪಾಯಿ ಪ್ಯಾಕೆಟ್ ಎರಡು ಬ್ರ್ಯಾಂಡಿನವು ಒಂದೇ ತೂಕ ಇರುವುದಿಲ್ಲ ಅಂತ ಅವಳೇ ಕಂಡುಹಿಡಿದದ್ದು. ಸಾಂಬಾರ್ ಪುಡಿಯನ್ನು ಚಿಕ್ಕಮ್ಮ ಹುರಿದು ಮಿಲ್ಲಿಗೆ ಕೊಡುತ್ತಾರೆ. ತರಕಾರಿಗೆ ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗುವ ಯೋಚನೆ ಕೈಬಿಟ್ಟರು, ಆರು ಜನಕ್ಕೆ ಅಷ್ಟು ದೂರ ಹೋಗಿ ರಾಶಿ ತಂದರೆ ಕಾಲು ಭಾಗ ಬಾಡುತ್ತದೆ, ಬಾಗಿಲಿಗೆ ಬರುವ ಗಾಡಿಯೇ ಸಾಕು. ಖರ್ಚು ಹನ್ನೆರಡೂವರೆ ಸಾವಿರದೊಳಗೆ ನಿಂತಿದೆ, ಊಟದಲ್ಲಿ ಏನೂ ಕಡಿಮೆಯಾಗಿಲ್ಲ.

ಒಪ್ಪಂದ ಆಗದೆ ಉಳಿದಿರುವುದು ತುಪ್ಪ ಒಂದೇ. ನಂದಿನಿ ತುಪ್ಪ ಲೀಟರಿಗೆ 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಇಳಿದಾಗ 610ಕ್ಕೆ ಬಂದಿತ್ತು, ನವೆಂಬರ್‌ನಲ್ಲಿ 700 ಆಯಿತು. ಚಿಕ್ಕಮ್ಮ ಹಳ್ಳಿಯಿಂದ ಬರುವ ಬೆಣ್ಣೆ ಕೆ.ಜಿ.ಗೆ 520ರಂತೆ ಕೊಂಡು ಮನೆಯಲ್ಲೇ ಕಾಯಿಸುತ್ತಾರೆ. ಒಂದು ಕೆ.ಜಿ.ಗೆ 720 ಗ್ರಾಂ ತುಪ್ಪ ಬಂತು, ಲೀಟರ್ ಲೆಕ್ಕಕ್ಕೆ ಹಾಕಿದರೆ ಸುಮಾರು 660, ಗ್ಯಾಸ್ ಬೇರೆ. ನಲವತ್ತು ರೂಪಾಯಿ ಉಳಿತಾಯಕ್ಕೆ ಇಷ್ಟು ಹೊತ್ತು ಒಲೆ ಮುಂದೆ ಯಾಕೆ ನಿಲ್ಲಬೇಕು ಅಂತ ಸೊಸೆ ಕೇಳುತ್ತಾಳೆ, ಬೆಣ್ಣೆಯಲ್ಲಿ ಏನು ಬೆರೆಸಿದ್ದಾರೋ ಅನ್ನುವ ಅನುಮಾನವೂ ಅವಳಿಗಿದೆ. ಆ ಘಮ ಪ್ಯಾಕೆಟ್ಟಿನಲ್ಲಿ ಬರಲ್ಲ ಅನ್ನುತ್ತಾರೆ ಚಿಕ್ಕಮ್ಮ. ಸದ್ಯಕ್ಕೆ ಒಳ್ಳೇ ಬೆಣ್ಣೆ ಸಿಕ್ಕಿದ ತಿಂಗಳು ಬೆಣ್ಣೆ, ಸಿಗದ ತಿಂಗಳು ಪ್ಯಾಕೆಟ್.